ಹೊಟ್ಟೆ ಚಿಕ್ಕದಾಯ್ತು, ರಾತ್ರಿ ಹನ್ನೊಂದು ಗಂಟೆ ಹಾಗೇ ಉಳಿಯಿತು: ಒಂದು ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ತೂಕ ಇಳಿಸುವ ಆಪರೇಷನ್ ಚೆನ್ನಾಗಿಯೇ ಆಗಿತ್ತು. ಸೋಂಕಿಲ್ಲ, ಹೊಲಿಗೆ ಸೋರಲಿಲ್ಲ, ಮೂರನೇ ದಿನಕ್ಕೆ ರೋಗಿ ಮನೆಗೆ ಹೊರಟರು. ಮೊದಲ ವರ್ಷ 29 ಕೆ.ಜಿ. ಇಳಿಯಿತು. ಆಮೇಲಿನ ಒಂದೂಕಾಲು ವರ್ಷದಲ್ಲಿ ಅದರಲ್ಲಿ 9 ಕೆ.ಜಿ. ವಾಪಸ್ ಬಂತು. ಕಾರಣ ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಮದುವೆಯಾದ ಹೊಸದರಿಂದ ನಡೆದುಕೊಂಡು ಬಂದ ಒಂದು ದಿನಚರಿ.

ನಾನು ಡಯಟಿಷಿಯನ್. ತೂಕ ಇಳಿಸುವ ಶಸ್ತ್ರಚಿಕಿತ್ಸೆಯನ್ನು ಬೆಂಗಳೂರಲ್ಲಿ ಮಾಡಿಸಿಕೊಂಡು ಊರಿಗೆ ಬಂದವರು ಆಮೇಲಿನ ಊಟ-ಪಥ್ಯಕ್ಕೆ ನಮ್ಮಂಥವರ ಹತ್ತಿರ ಬರುತ್ತಾರೆ. ಆಪ್ತಸಮಾಲೋಚಕಿಯೊಬ್ಬರ ಜೊತೆ ಸೇರಿ ಕೆಲಸ ಮಾಡುತ್ತೇನೆ. ಇಲ್ಲಿ ಯಾರ ಕಥೆ ಹೇಳುತ್ತಿದ್ದೇನೋ ಅವರ ಒಪ್ಪಿಗೆ ಪಡೆದಿದ್ದೇನೆ. ಹೆಸರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಗಿರಿಜಾ ಅಂತ ಕರೆಯೋಣ. ದಾವಣಗೆರೆ ಕಡೆಯವರು ಅಂದರೆ ಸಾಕು.

ಹಿನ್ನೆಲೆ

ಆಪರೇಷನ್ ಹೊತ್ತಿಗೆ ಗಿರಿಜಾಗೆ 39 ವರ್ಷ. ಕೂಡು ಕುಟುಂಬ, ಸಗಟು ಕಿರಾಣಿ ವ್ಯಾಪಾರ, ಮನೆಯಲ್ಲಿ ಒಂಬತ್ತು ಜನ. ಮೊಟ್ಟೆ ಕೂಡ ಸೇರದ ಸಸ್ಯಾಹಾರದ ಮನೆ. ಎತ್ತರ 158 ಸೆಂ.ಮೀ., ತೂಕ 108 ಕೆ.ಜಿ., ಬಿಎಂಐ (ಎತ್ತರಕ್ಕೆ ಹೋಲಿಸಿ ತೂಕ ಅಳೆಯುವ ಲೆಕ್ಕ) 43. ನಮ್ಮ ಜನರಿಗೆ 25 ದಾಟಿದರೇ ಬೊಜ್ಜು ಅನ್ನುತ್ತೇವೆ. ಆರು ವರ್ಷದಿಂದ ಸಕ್ಕರೆ ಕಾಯಿಲೆ, ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸಕ್ಕರೆಯ ಸರಾಸರಿ ತೋರಿಸುವ ರಕ್ತಪರೀಕ್ಷೆ) 8.6. ಮೆಟ್ಟಿಲು ಹತ್ತಿದರೆ ಮಂಡಿ ನೋವು, ಮಲಗಿದರೆ ಪಕ್ಕದ ರೂಮಿಗೆ ಕೇಳುವ ಗೊರಕೆ.

ಅದಕ್ಕೂ ಮೊದಲು ಏನೇನು ಮಾಡಿದ್ದರು ಅನ್ನೋ ಪಟ್ಟಿ ಉದ್ದ ಇದೆ. ಜೀರಿಗೆ ನೀರು, ಬೆಳಗಿನ ವಾಕಿಂಗ್, ಪರಿಚಯದವರು ಮಾರುವ ಶೇಕ್ ಪೌಡರ್, ಪ್ರಕೃತಿ ಚಿಕಿತ್ಸಾ ಕೇಂದ್ರದಲ್ಲಿ ಎರಡು ವಾರ, ಆಮೇಲೆ ಅನ್ನ-ರೊಟ್ಟಿ ಪೂರ್ತಿ ಬಿಟ್ಟ ಕೀಟೋ. ಕೀಟೋದಲ್ಲಿ 11 ಕೆ.ಜಿ. ಇಳಿದು 14 ಕೆ.ಜಿ. ಏರಿತು. ಪ್ರತಿ ಸಲವೂ ಕಡಿಮೆ ತಿನ್ನುವುದು, ಆಮೇಲೆ ತಡೆಯಲಾರದೆ ತಿನ್ನುವುದು. ಇದನ್ನು ಅವರು ‘ನನಗೆ ನಾಲಿಗೆ ಮೇಲೆ ಹಿಡಿತ ಇಲ್ಲ’ ಅಂತ ಹೇಳುತ್ತಿದ್ದರು. ಮನೆಯವರೂ ಹಾಗೇ ಹೇಳುತ್ತಿದ್ದರು.

ವಿಮೆಯ ಹಣದ ತೊಂದರೆ ಬರಲಿಲ್ಲ. ವಿಮಾ ನಿಯಂತ್ರಣ ಪ್ರಾಧಿಕಾರದ (ಐಆರ್‌ಡಿಎಐ) ನಿಯಮದ ಪ್ರಕಾರ ಬಿಎಂಐ 40 ಅಥವಾ ಮೇಲಿದ್ದರೆ, ಇಲ್ಲವೇ 35 ಅಥವಾ ಮೇಲಿದ್ದು ಹತೋಟಿಗೆ ಬಾರದ ಮಧುಮೇಹದಂಥ ತೊಂದರೆ ಇದ್ದರೆ, ವೈದ್ಯರ ಸಲಹೆ ಮೇಲೆ ಮಾಡುವ ಈ ಶಸ್ತ್ರಚಿಕಿತ್ಸೆಯನ್ನು ‘ಬೊಜ್ಜಿಗೆ ಚಿಕಿತ್ಸೆ’ ಅಂತ ನೆಪ ಹೇಳಿ ತಳ್ಳಿಹಾಕುವಂತಿಲ್ಲ. ಎಷ್ಟೋ ಜನರಿಗೆ ಇದು ಗೊತ್ತೇ ಇಲ್ಲ, ಕೈಯಿಂದ ದುಡ್ಡು ಕಟ್ಟುತ್ತಾರೆ.

ಒಂದು ಫಾರಂ, ಪಕ್ಕದಲ್ಲಿ ಯಜಮಾನರು

ಆಪರೇಷನ್‌ಗೆ ಮೊದಲು ಮಾನಸಿಕ ತಪಾಸಣೆ ಇರುತ್ತದೆ. ಇವರಿಗೂ ಆಯಿತು. ಒಂದು ಫಾರಂ, ಹತ್ತು-ಹದಿನೈದು ನಿಮಿಷದ ಮಾತು. ‘ತಿನ್ನಲು ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲ ಅನ್ನಿಸುತ್ತದೆಯೇ?’, ‘ಯಾರಿಗೂ ಕಾಣದಂತೆ ತಿನ್ನುತ್ತೀರಾ?’ ಅಂತ ಪ್ರಶ್ನೆಗಳಿದ್ದವು. ಎರಡಕ್ಕೂ ‘ಇಲ್ಲ’ ಅಂತ ಗುರುತು ಹಾಕಿದರು. ಪಕ್ಕದ ಕುರ್ಚಿಯಲ್ಲಿ ಯಜಮಾನರು ಕೂತಿದ್ದರು. ಇನ್ನೊಂದು ಭಯವೂ ಇತ್ತು: ‘ಹೌದು’ ಅಂದರೆ ಆಪರೇಷನ್ನೇ ಬೇಡ ಅಂದುಬಿಟ್ಟರೆ?

ಆ ಭಯಕ್ಕೆ ಆಧಾರ ಇರಲಿಲ್ಲ. ತಡೆಯಲಾಗದೆ ತಿನ್ನುವ ತೊಂದರೆಯನ್ನು ವೈದ್ಯರು ಬಿಂಜ್ ಈಟಿಂಗ್ ಅನ್ನುತ್ತಾರೆ. ಮಾನಸಿಕ ಕಾಯಿಲೆಗಳನ್ನು ಗುರುತಿಸಲು ವೈದ್ಯರು ಬಳಸುವ ಡಿಎಸ್‌ಎಂ-5 ಕೈಪಿಡಿಯಲ್ಲಿ 2013ರಿಂದ ಅದು ಪ್ರತ್ಯೇಕ ಕಾಯಿಲೆ. ಅದಿದೆ ಅಂತ ಸಾಮಾನ್ಯವಾಗಿ ಆಪರೇಷನ್ ಬಾಗಿಲು ಮುಚ್ಚಿಬಿಡುವುದಿಲ್ಲ. ಅದಕ್ಕೂ ಚಿಕಿತ್ಸೆ ಶುರು ಮಾಡಿ, ಜೊತೆಜೊತೆಗೆ ಮುಂದುವರಿಯುತ್ತಾರೆ. ಇದನ್ನು ಅವರಿಗೆ ಯಾರಾದರೂ ಮೊದಲೇ ಹೇಳಿದ್ದರೆ ಕಥೆ ಸ್ವಲ್ಪ ಬೇರೆ ಆಗುತ್ತಿತ್ತೋ ಏನೋ.

2023ರ ಜನವರಿಯಲ್ಲಿ ಸ್ಲೀವ್ ಗ್ಯಾಸ್ಟ್ರೆಕ್ಟಮಿ ಆಯಿತು. ಹೊಟ್ಟೆಯಲ್ಲಿ ಸಣ್ಣ ಸಣ್ಣ ರಂಧ್ರ ಮಾಡಿ, ಜಠರದ ಸುಮಾರು ಮುಕ್ಕಾಲು ಭಾಗ ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ತೆಗೆದುಹಾಕುವ ಭಾಗದಲ್ಲೇ ಹಸಿವು ಹುಟ್ಟಿಸುವ ಗ್ರೆಲಿನ್ ಹಾರ್ಮೋನು ಹೆಚ್ಚಾಗಿ ತಯಾರಾಗುವುದು. ಹಾಗಾಗಿ ಮೊದಲ ಕೆಲವು ತಿಂಗಳು ಹೊಟ್ಟೆ ಚಿಕ್ಕದಾಗಿರುವುದು ಮಾತ್ರ ಅಲ್ಲ, ಹಸಿವೂ ಅಷ್ಟಾಗಿ ಇರುವುದಿಲ್ಲ.

ಸುಖದ ತಿಂಗಳುಗಳು

ಎರಡು ವಾರ ಬರೀ ದ್ರವ. ಬೇಳೆಕಟ್ಟು, ಮಜ್ಜಿಗೆ, ಎಳನೀರು. ಆಮೇಲೆ ನುಣ್ಣಗೆ ಅರೆದಿದ್ದು, ಆಮೇಲೆ ಮೆತ್ತಗಿನದು. ಊಟದ ಜೊತೆ ನೀರು ಕುಡಿಯುವಂತಿಲ್ಲ, ಅರ್ಧ ಗಂಟೆ ಬಿಡಬೇಕು. ದಿನಕ್ಕೆ ಕಡಿಮೆಯೆಂದರೂ 60 ಗ್ರಾಂ ಪ್ರೊಟೀನ್. ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಜೀವನಪೂರ್ತಿ. ಗಿರಿಜಾ ಎಲ್ಲ ಪಾಲಿಸುತ್ತಿದ್ದಾರೆ ಅಂತಲೇ ಅಂದುಕೊಂಡಿದ್ದೆವು. ನಾಲ್ಕನೇ ತಿಂಗಳು ಕೂದಲು ಉದುರಲು ಶುರುವಾದಾಗ ಗಾಬರಿಯಾದರು. ಬೇಗ ತೂಕ ಇಳಿದಾಗ ಇದು ಸಾಮಾನ್ಯ, ಆದರೆ ಪ್ರೊಟೀನ್ ಲೆಕ್ಕ ಹಾಕಿದಾಗ 30 ಗ್ರಾಂ ಕೂಡ ದಾಟುತ್ತಿರಲಿಲ್ಲ. ಹೆಸರುಕಾಳು, ಪನೀರ್, ಸೋಯಾ, ಗಟ್ಟಿ ಮೊಸರು, ಪ್ರೊಟೀನ್ ಪುಡಿ ಅಂತ ಪಟ್ಟಿ ಬರೆದುಕೊಟ್ಟೆವು. ‘ಆಯ್ತು ಮೇಡಂ’ ಅಂದರು.

ಆರನೇ ತಿಂಗಳಿಗೆ 87 ಕೆ.ಜಿ. ಸಕ್ಕರೆ ಗುಳಿಗೆ ನಿಂತಿತ್ತು. ಓಣಿಯಲ್ಲಿ ಎಲ್ಲರೂ ‘ಏನ್ರೀ ಇಷ್ಟು ಸಣ್ಣಾಗೀರಿ’ ಅನ್ನುವವರೇ.

ಶ್ರಾವಣ

ಆ ವರ್ಷ ಅಧಿಕ ಶ್ರಾವಣವೂ ಇತ್ತು, ನಿಜ ಶ್ರಾವಣವೂ ಇತ್ತು. ಎರಡು ತಿಂಗಳ ಸೋಮವಾರಗಳು. ಮನೆಯಲ್ಲಿ ಉಪವಾಸ ಮೊದಲಿಂದಲೂ ಉಂಟು. ‘ಹೆಂಗೂ ಹಸಿವಾಗಲ್ಲ, ತೂಕಕ್ಕೂ ಒಳ್ಳೇದು’ ಅಂತ ಗಿರಿಜಾ ಈ ಸಲ ಕಟ್ಟುನಿಟ್ಟಾಗಿ ಹಿಡಿದರು. ಬೆಳಗ್ಗೆ ಚಹಾ, ಪೂಜೆ ಮುಗಿಯುವವರೆಗೆ ಮತ್ತೇನೂ ಇಲ್ಲ.

ಅಂಥದ್ದೊಂದು ಸೋಮವಾರ ರಾತ್ರಿ ಹನ್ನೊಂದಕ್ಕೆ ಅಡುಗೆಮನೆ ಒರೆಸಿ, ಲೈಟ್ ಆರಿಸುವ ಮೊದಲು ಮಂಡಕ್ಕಿ ಡಬ್ಬಿಗೆ ಕೈ ಹಾಕಿದರು. ಒಗ್ಗರಣೆ ಹಾಕಿದ ಖಾರ ಮಂಡಕ್ಕಿ, ಶೇಂಗಾ, ಪುಟಾಣಿ. ಒಂದು ಹಿಡಿ, ಇನ್ನೊಂದು ಹಿಡಿ. ಸ್ಟೀಲ್ ಡಬ್ಬಿಯ ಮುಚ್ಚಳ ಠಣ್ ಅನ್ನದಂತೆ ಅಂಗೈ ಒತ್ತಿ ಹಿಡಿದು ತೆಗೆಯುವುದು ಅವರಿಗೆ ಹೊಸದಲ್ಲ. ಹಳೆಯ ಅಭ್ಯಾಸ ಅದು. ನಿಂತುಕೊಂಡೇ, ಕತ್ತಲಲ್ಲೇ, ಗಂಟೆಗಟ್ಟಲೆ. ಆಪರೇಷನ್‌ಗೆ ಮೊದಲು ಇದೇ ಜಾಗದಲ್ಲಿ ಉಳಿದ ಅನ್ನ, ಹೋಳಿಗೆ, ಉಪ್ಪಿನಕಾಯಿ, ಮಕ್ಕಳ ಬಿಸ್ಕತ್ತು ಎಲ್ಲ ಖಾಲಿಯಾಗುತ್ತಿತ್ತು.

ಸ್ಲೀವ್ ಇರುವ ಹೊಟ್ಟೆಗೆ ರೊಟ್ಟಿ, ಚಪಾತಿ ಗಡಿಬಿಡಿಯಲ್ಲಿ ಇಳಿಯುವುದಿಲ್ಲ. ಎದೆ ಕಟ್ಟುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ವಾಂತಿಯಾಗುತ್ತದೆ. ಒಂದೆರಡು ಸಲ ಹಾಗಾದ ಮೇಲೆ ದೇಹವೇ ಪಾಠ ಕಲಿಸುತ್ತದೆ. ಆದರೆ ಮಂಡಕ್ಕಿ ಬಾಯಲ್ಲೇ ಕರಗುತ್ತದೆ. ಹಾಲಲ್ಲಿ ಅದ್ದಿದ ರಸ್ಕ್, ಐಸ್‌ಕ್ರೀಂ, ಶ್ರೀಖಂಡ, ಚಿಪ್ಸ್ ಕೂಡ ಹಾಗೇ. ಕೊಳವೆಯಲ್ಲಿ ನಿಲ್ಲದೆ ಜಾರಿ ಹೋಗುತ್ತವೆ, ಹೊಟ್ಟೆ ತುಂಬಿದ ಸೂಚನೆಯೇ ಬರುವುದಿಲ್ಲ. ನೂರು ಗ್ರಾಂ ಒಣ ಮಂಡಕ್ಕಿಗೇ 350ರಿಂದ 400 ಕ್ಯಾಲೊರಿ, ಎಣ್ಣೆ-ಶೇಂಗಾ ಬೇರೆ. ಎರಡು ಗಂಟೆ ನಿಧಾನಕ್ಕೆ ಮೆಲ್ಲುತ್ತಾ ಇದ್ದರೆ ಯಾವ ಚಿಕ್ಕ ಹೊಟ್ಟೆಯೂ ಅಡ್ಡ ಬರುವುದಿಲ್ಲ. ದಾವಣಗೆರೆ ಕಡೆಯ ರೋಗಿಗಳಿಗೆ ‘ಐಸ್‌ಕ್ರೀಂ ಬೇಡ’ ಅಂತ ಇಂಗ್ಲಿಷ್ ಕರಪತ್ರ ಕೊಟ್ಟು ಮಂಡಕ್ಕಿ ಬಗ್ಗೆ ಬಾಯಿ ಬಿಡದಿದ್ದರೆ ಏನು ಪ್ರಯೋಜನ ಅಲ್ವಾ?

ಇಲ್ಲೊಂದು ವಿಚಿತ್ರ ಇದೆ. ರಾತ್ರಿ ತಿನ್ನುವುದು ಎಂಟನೇ ತಿಂಗಳಿಗೇ ಮರಳಿ ಬಂದಿತ್ತು, ಆದರೆ ತೂಕ ವರ್ಷ ತುಂಬುವವರೆಗೂ ಇಳಿಯುತ್ತಲೇ ಇತ್ತು, 79ರವರೆಗೆ. ಆ ಹಂತದಲ್ಲಿ ಆಪರೇಷನ್ನಿನ ಬಲ ಅಷ್ಟು ಜೋರು. ತಕ್ಕಡಿ ಇಳಿಯುತ್ತಿದೆ ಅಂದಮೇಲೆ ತಪಾಸಣೆಯಲ್ಲಿ ಯಾರೂ ಬೇರೆ ಏನೂ ಕೇಳಲಿಲ್ಲ. ಗಿರಿಜಾ ಕೂಡ ‘ಏನೂ ಆಗ್ತಿಲ್ವಲ್ಲ’ ಅಂತ ಸಮಾಧಾನ ಮಾಡಿಕೊಂಡರು. ಏರಲು ಶುರುವಾದಾಗ ನಾಚಿಕೆಯಾಗಿ ತಪಾಸಣೆಗೆ ಬರುವುದನ್ನೇ ಬಿಟ್ಟರು. ವಿಟಮಿನ್ ಗುಳಿಗೆಯೂ ನಿಂತಿತು.

ಮನೆಯವರಿಗೆ ಡಬ್ಬಿಗಳು ಖಾಲಿಯಾಗುವುದು ಗೊತ್ತಾಯಿತು. ಯಜಮಾನರು ಉಗ್ರಾಣಕ್ಕೆ ಬೀಗ ಹಾಕಿಸಿದರು. ಬೀಗದ ಕೈ ಅತ್ತೆಯ ಸೊಂಟಕ್ಕೆ ಹೋಯಿತು. ದುಡ್ಡು ಖರ್ಚಾಗಿದೆ, ಒಳ್ಳೆಯದಕ್ಕೇ ಮಾಡಿದ್ದು ಅಂತ ಅವರ ಲೆಕ್ಕ. ಪರಿಣಾಮ ಏನಾಯಿತು ಅಂದರೆ, ತಿನಿಸು ಉಗ್ರಾಣದಿಂದ ಬಟ್ಟೆ ಬೀರುವಿಗೆ ಬಂತು.

ಇನ್ನೊಂದು ಆಪರೇಷನ್ ಬೇಕು

2025ರ ಬೇಸಿಗೆಯಲ್ಲಿ ನಮ್ಮ ಹತ್ತಿರ ವಾಪಸ್ ಬಂದಾಗ 88 ಕೆ.ಜಿ. ಎಚ್‌ಬಿಎ1ಸಿ ಒಮ್ಮೆ 5.8ಕ್ಕೆ ಇಳಿದಿದ್ದು ಈಗ 6.9. ಪಾದದಲ್ಲಿ ಜುಮ್ ಅನ್ನುತ್ತಿತ್ತು. ಬಿ12 ತೀರಾ ಕಡಿಮೆ. ಆಶ್ಚರ್ಯವೇನಿಲ್ಲ: ಸಸ್ಯಾಹಾರ, ವರ್ಷಗಟ್ಟಲೆ ನುಂಗಿದ ಮೆಟ್‌ಫಾರ್ಮಿನ್ ಎಂಬ ಸಕ್ಕರೆ ಗುಳಿಗೆ, ಜೊತೆಗೆ ಕತ್ತರಿಸಿದ ಜಠರ. ಮೂರೂ ಬಿ12 ತಗ್ಗಿಸುವಂಥವೇ. ಅದಕ್ಕೆ ಇಂಜೆಕ್ಷನ್ ಆವತ್ತೇ ಶುರುವಾಯಿತು.

ಗಿರಿಜಾ ಕೇಳಿಕೊಂಡು ಬಂದಿದ್ದು ಮಾತ್ರ ಬೇರೆ. ‘ಹೊಟ್ಟೆ ಮತ್ತೆ ದೊಡ್ಡದಾಗಿರಬೇಕು ಮೇಡಂ. ಬೈಪಾಸ್ ಮಾಡ್ತಾರಂತಲ್ಲ, ಅದನ್ನ ಮಾಡಿಸಿಬಿಡ್ತೀನಿ.’ ಇಲ್ಲಿ ಬೈಪಾಸ್ ಅಂದರೆ ಹೃದಯದ್ದಲ್ಲ, ಜಠರವನ್ನು ಕಿರಿದು ಮಾಡಿ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುವ ಆಪರೇಷನ್. ಯಜಮಾನರ ಪ್ರಶ್ನೆ ತೂಕ ಇಳಿಸುವ ಇಂಜೆಕ್ಷನ್ ಬಗ್ಗೆ. ಅಂಥದ್ದೊಂದು ಔಷಧ, ಟಿರ್ಜೆಪಟೈಡ್, ಆ ಮಾರ್ಚ್‌ನಲ್ಲಷ್ಟೇ ಭಾರತದ ಮಾರುಕಟ್ಟೆಗೆ ಬಂದಿತ್ತು.

ಸರ್ಜನ್ ಎಂಡೋಸ್ಕೋಪಿ ಮಾಡಿದರು, ಬೇರಿಯಂ ಕುಡಿಸಿ ಎಕ್ಸ್‌ರೇ ತೆಗೆದರು. ಕೊಳವೆ ಹೇಳಿಕೊಳ್ಳುವಷ್ಟು ಹಿಗ್ಗಿರಲಿಲ್ಲ. ಎದೆಯುರಿ ಇಲ್ಲ. ಬೈಪಾಸ್ ಮಾಡಿಕೊಟ್ಟಿದ್ದರೆ ರೋಗಿಯೂ ಖುಷಿ, ಮನೆಯವರೂ ಖುಷಿ. ಆದರೆ ಸರ್ಜನ್ ‘ಈಗ ಬೇಡ, ಮೊದಲು ತಿನ್ನುವ ರೀತಿ ನೋಡಿ’ ಅಂತ ನಮ್ಮ ಕಡೆ ಕಳಿಸಿದರು. ಈ ಪ್ರಕರಣದಲ್ಲಿ ಯಾರಾದರೂ ತೆಗೆದುಕೊಂಡ ಅತಿ ಒಳ್ಳೆಯ ತೀರ್ಮಾನ ಇದೇ ಅಂತ ನನಗೆ ಈಗಲೂ ಅನಿಸುತ್ತದೆ. ಇಂಜೆಕ್ಷನ್ ಬೇಡವೆಂದಲ್ಲ, ಎರಡನೇ ಹೆಜ್ಜೆಗೆ ಇಟ್ಟುಕೊಂಡೆವು.

ನೋಟ್‌ಬುಕ್ಕಿನ ಖಾಲಿ ಸಾಲುಗಳು

ಆಪ್ತಸಮಾಲೋಚಕಿ ಗಿರಿಜಾ ಅವರನ್ನು ಒಬ್ಬರೇ ಕೂರಿಸಿಕೊಂಡು ಮಾತಾಡಿದರು. ಯಜಮಾನರು ಹೊರಗೆ ಚಹಾ ಕುಡಿಯುತ್ತಿದ್ದರು. ಹೊಟ್ಟೆ ಹಸಿದು ತಿನ್ನುತ್ತೀರಾ ಅಂತ ಕೇಳಿದ್ದಕ್ಕೆ ಬಂದ ಉತ್ತರ: ‘ಎಲ್ಲಿಯ ಹಸಿವು ಮೇಡಂ. ಹೊಟ್ಟೆ ತುಂಬಿರುತ್ತೆ. ಕೈ ನಿಲ್ಲಲ್ಲ.’

ಬಿಂಜ್ ಅಂದರೆ ಪುಸ್ತಕದ ಪ್ರಕಾರ ಸ್ವಲ್ಪ ಹೊತ್ತಲ್ಲಿ ಬೇರೆಯವರು ತಿನ್ನುವುದಕ್ಕಿಂತ ಬಹಳ ಜಾಸ್ತಿ ತಿನ್ನುವುದು. ಆಪರೇಷನ್ ಆದವರು ಅಷ್ಟು ತಿನ್ನಲಾರರು. ಹಾಗಾಗಿ ಪ್ರಮಾಣ ನೋಡಿದರೆ ‘ಇದೇನು ದೊಡ್ಡದು’ ಅನ್ನಿಸಿಬಿಡುತ್ತದೆ. ಇಂಥವರಲ್ಲಿ ನೋಡಬೇಕಾದ್ದು ಪ್ರಮಾಣವನ್ನಲ್ಲ, ‘ನಿಲ್ಲಿಸಲು ಆಗಲಿಲ್ಲ’ ಅನ್ನುವುದನ್ನು.

ಒಂದು ಸಾಮಾನ್ಯ ನೋಟ್‌ಬುಕ್ ಕೊಟ್ಟೆವು. ಏನು, ಯಾವಾಗ, ಕೂತೋ ನಿಂತೋ, ಆಗ ಮನಸ್ಸಲ್ಲಿ ಏನಿತ್ತು. ಕ್ಯಾಲೊರಿ ಬರೆಯಬೇಡಿ ಅಂದಿದ್ದೆವು. ಒಂದು ಪುಟ ಅವರ ಅನುಮತಿಯಿಂದ ಹೀಗಿದೆ:

‘ಬೆಳಗ್ಗೆ 6: ಚಹಾ. 9: (ಏನಿಲ್ಲ, ಎಲ್ಲರಿಗೂ ದೋಸೆ ಹಾಕಿದೆ.) 12: ಚಹಾ. 3:15: ಅನ್ನ ಸಾರು ನಾಕು ತುತ್ತು, ನಿಂತು. 6: ಚಹಾ. ರಾತ್ರಿ 9:30: ಬಡಿಸಿದೆ, ತಿನ್ನಲಿಲ್ಲ, ಬೆಳಗಿಂದ ಕಂಟ್ರೋಲ್ ಇತ್ತು ಹಾಳು ಮಾಡೋದು ಬೇಡ ಅಂತ. 11:10ರಿಂದ 12:45: ಮಂಡಕ್ಕಿ, ರಸ್ಕ್ ಆರು, ಬೆಲ್ಲ, ಮಗನ ಚಾಕ್ಲೇಟ್. ಅತ್ತೆ ಕೆಮ್ಮಿದರು, ನಿಲ್ಲಿಸಿದೆ. ಮತ್ತೆ ಹೋದೆ.’

ಓದಿದವರೆಲ್ಲ ಈ ಪುಟದ ಕೊನೆಯ ಸಾಲು ನೋಡಿ ತಲೆ ಅಲ್ಲಾಡಿಸುತ್ತಿದ್ದರು. ಉತ್ತರ ಇದ್ದಿದ್ದು ಮೇಲಿನ ಸಾಲುಗಳಲ್ಲಿ. ಹದಿನೇಳು ಗಂಟೆ ಎಚ್ಚರವಾಗಿದ್ದು, ಒಂಬತ್ತು ಜನಕ್ಕೆ ಮೂರು ಹೊತ್ತು ಬಡಿಸಿ, ತಾನು ತಿಂದಿದ್ದು ನಾಲ್ಕು ತುತ್ತು. ಹಗಲಿನ ಆ ಬಿಗಿಯೇ ರಾತ್ರಿ ಸಡಿಲವಾಗುತ್ತಿತ್ತು. ಬೆಳಗ್ಗೆ ಎದ್ದು ಪಶ್ಚಾತ್ತಾಪದಲ್ಲಿ ಇನ್ನೂ ಬಿಗಿ ಮಾಡುತ್ತಿದ್ದರು. ಆಪರೇಷನ್ ಹಸಿವನ್ನು ಮಂಕಾಗಿಸಿದ್ದರಿಂದ ಉಪವಾಸ ಇರುವುದು ಇನ್ನೂ ಸುಲಭವಾಗಿತ್ತು, ಅಷ್ಟೇ.

ಹಾಗಾಗಿ ಚಿಕಿತ್ಸೆಯ ಮೊದಲ ಹೆಜ್ಜೆ ರಾತ್ರಿ ತಿನ್ನುವುದನ್ನು ಬಿಡಿಸುವುದಾಗಿರಲಿಲ್ಲ. ಹಗಲು ತಿನ್ನಿಸುವುದಾಗಿತ್ತು. ಬೆಳಗ್ಗೆ ಏಳೂವರೆ, ಹತ್ತೂವರೆ, ಒಂದೂವರೆ, ಐದು, ರಾತ್ರಿ ಎಂಟು. ಹಸಿವಿರಲಿ ಬಿಡಲಿ, ಗಂಟೆಯಾದರೆ ತಿನ್ನಬೇಕು, ಕೂತು ತಿನ್ನಬೇಕು. ನಡುವೆ ಮೂರು-ಮೂರೂವರೆ ಗಂಟೆಗಿಂತ ಜಾಸ್ತಿ ಅಂತರ ಬೇಡ. ಇದು ನಾವು ಕಂಡುಹಿಡಿದದ್ದಲ್ಲ, ಬಿಂಜ್ ಈಟಿಂಗ್‌ಗೆ ಕೊಡುವ ಸಿಬಿಟಿ (ಯೋಚನೆ, ನಡವಳಿಕೆ ಬದಲಿಸಲು ಮಾತಿನ ಮೂಲಕ ಕೊಡುವ) ಚಿಕಿತ್ಸೆ ಶುರುವಾಗುವುದೇ ಇಲ್ಲಿಂದ. ದಿನಾ ತೂಕ ನೋಡುವುದನ್ನು ವಾರಕ್ಕೊಮ್ಮೆಗೆ ಇಳಿಸಿದೆವು.

‘88 ಇರೋವಳಿಗೆ ಐದು ಸಲ ತಿನ್ನು ಅಂತೀರಾ?’ ಅಂತ ಯಜಮಾನರು ರೇಗಿದರು. ಅವರ ಸಿಟ್ಟು ನ್ಯಾಯವಾದದ್ದೇ. ನಾವು ಕೇಳಿಕೊಂಡಿದ್ದು ಇನ್ನೂ ಕಷ್ಟದ್ದು: ಉಗ್ರಾಣದ ಬೀಗ ತೆಗೆಯಿರಿ. ಸಂಜೆ ಐದಕ್ಕೆ ಮಂಡಕ್ಕಿಯನ್ನೇ ಒಂದು ತಟ್ಟೆಯಲ್ಲಿ ಹಾಕಿಕೊಂಡು, ಹೆಸರುಕಾಳು ಉಸುಳಿ ಜೊತೆಗೆ, ಎಲ್ಲರ ಮುಂದೆ ತಿನ್ನಲಿ. ಕದ್ದು ತಿನ್ನುವ ಪದಾರ್ಥ ಅಂತ ಒಂದು ಮನೆಯಲ್ಲಿ ಇರಬಾರದು.

ಅತ್ತೆ

ಗಂಡಸರಿಗೆ, ಮಕ್ಕಳಿಗೆ ಬಡಿಸುವ ಮೊದಲೇ ಸೊಸೆ ಏಳೂವರೆಗೆ ತಿಂಡಿ ತಿಂದು ಕೂರುವುದು ಆ ಮನೆಯಲ್ಲಿ ನಡೆಯುವ ಮಾತಲ್ಲ ಅಂತಲೇ ನಾವು ಅಂದುಕೊಂಡಿದ್ದೆವು. ಮೊದಲ ವಾರ ಆಗಲೂ ಇಲ್ಲ. ತಿರುವು ಬಂದಿದ್ದು ಅತ್ತೆಯಿಂದ. ಅವರಿಗೂ ಸಕ್ಕರೆ ಕಾಯಿಲೆ. ಮಧ್ಯಾಹ್ನಕ್ಕೆ ಮೊದಲು ಸಕ್ಕರೆ ಕುಸಿದು ಬೆವರುತ್ತಿದ್ದರಂತೆ. ಗುಳಿಗೆ ನುಂಗಿ ಹನ್ನೆರಡಾದರೂ ತಿನ್ನದೆ ಪೂಜೆಯಲ್ಲಿ ಕೂತರೆ ಆಗದೆ ಇನ್ನೇನು? ಸೊಸೆಯ ಜೊತೆ ಒಮ್ಮೆ ಬಂದವರು ವೇಳಾಪಟ್ಟಿಯ ಚೀಟಿ ನೋಡಿ ‘ನನ್ನ ಡಾಕ್ಟ್ರೂ ಇದೇ ಟೈಮ್ ಬರೆದಾರೆ. ಇಬ್ರೂ ಒಟ್ಟಿಗೆ ಕೂತು ತಿಂದ್ರಾಯ್ತು ಬಿಡು’ ಅಂದರು. ಸೊಸೆ ಮೊದಲು ತಿನ್ನುವುದು ತಪ್ಪು, ಆದರೆ ಅತ್ತೆಗೆ ಜೊತೆಯಾಗಿ ತಿನ್ನುವುದು ಸರಿ. ನಾವು ಆ ವಾದದೊಳಗೆ ಹೋಗಲಿಲ್ಲ.

ಬೀಗದ ಕೈ ಅತ್ತೆಯ ಸೊಂಟದಿಂದ ಇಳಿಯಿತು. ಆ ವರ್ಷದ ಶ್ರಾವಣ ಸೋಮವಾರಗಳಲ್ಲಿ ಅತ್ತೆಯೇ ಹೊಸ ನಿಯಮ ಮಾಡಿದರು: ಅನ್ನ ಇಲ್ಲ, ಆದರೆ ಮೂರು ಗಂಟೆಗೊಮ್ಮೆ ಹಾಲು, ಹಣ್ಣು, ಮೊಸರವಲಕ್ಕಿ. ಡಯಟಿಷಿಯನ್ ಆಗಿ ಅವಲಕ್ಕಿಗೆ ನಾನು ಪೂರ್ತಿ ಅಂಕ ಕೊಡುವುದಿಲ್ಲ. ಆದರೆ ಆ ಸೋಮವಾರಗಳ ರಾತ್ರಿ ನೋಟ್‌ಬುಕ್ಕಿನಲ್ಲಿ ಏನೂ ಇರಲಿಲ್ಲ.

ಆದದ್ದು, ಆಗದೇ ಉಳಿದದ್ದು

ಹೆಚ್ಚುಕಡಿಮೆ ದಿನಾ ಆಗುತ್ತಿದ್ದ ರಾತ್ರಿಯ ತಿನ್ನುವಿಕೆ ಮೂರು ತಿಂಗಳಲ್ಲಿ ವಾರಕ್ಕೊಮ್ಮೆಗೆ, ಆಮೇಲೆ ತಿಂಗಳಿಗೆ ಒಂದೆರಡಕ್ಕೆ ಬಂತು. ಬಿ12 ಸರಿಹೋಯಿತು, ಪಾದದ ಜುಮ್ಮು ಬಹುಪಾಲು ಹೋಯಿತು. ಪ್ರೊಟೀನ್ 55-60 ಗ್ರಾಂ ಮುಟ್ಟುತ್ತಿದೆ. ತೂಕ ಮೊದಲ ಆರು ವಾರ ಒಂದು ಕೆ.ಜಿ. ಏರಿತು. ಯಜಮಾನರ ಮುಖ ಆಗ ನೋಡಬೇಕಿತ್ತು. ಆಮೇಲೆ ನಿಧಾನಕ್ಕೆ 84ಕ್ಕೆ ಬಂದು ನಿಂತಿದೆ. 79 ಮತ್ತೆ ಬಂದಿಲ್ಲ. ಮಗ ಹಾಸ್ಟೆಲ್ಲಿಗೆ ಹೋದ ವಾರ ನಾಲ್ಕು ರಾತ್ರಿ ಸತತವಾಗಿ ಹಳೆಯದೇ ನಡೆಯಿತು. ಈ ಸಲ ಬೇರೆಯಾಗಿದ್ದು ಏನೆಂದರೆ, ಐದನೇ ದಿನ ಬೆಳಗ್ಗೆ ಏಳೂವರೆಗೆ ಅವರು ಉಪವಾಸ ಕೂರಲಿಲ್ಲ, ತಿಂಡಿ ತಿಂದರು. ನಮಗೆ ಫೋನೂ ಮಾಡಿದರು.

ಈ ಪ್ರಕರಣದ ನಂತರ ನಮ್ಮಲ್ಲಿ ಕೆಲವು ಪದ್ಧತಿ ಬದಲಾಗಿವೆ. ಆಪರೇಷನ್‌ಗೆ ಮೊದಲೇ ನಮ್ಮ ಹತ್ತಿರ ಬರುವವರು ಫಾರಂ ತುಂಬುವಾಗ ಮನೆಯವರು ಹೊರಗೆ ಇರುತ್ತಾರೆ. ‘ಹೌದು ಅಂದರೂ ಆಪರೇಷನ್ ನಿಲ್ಲುವುದಿಲ್ಲ’ ಅಂತ ಮೊದಲೇ ಹೇಳುತ್ತೇವೆ. ‘ಎಷ್ಟು ತಿಂತೀರಿ’ ಅನ್ನುವುದರ ಬದಲು ‘ಎಲ್ಲರೂ ಮಲಗಿದ ಮೇಲೆ ಏನಾಗುತ್ತೆ’, ‘ಬೆಳಗಿನ ಮೊದಲ ತುತ್ತು ಎಷ್ಟು ಗಂಟೆಗೆ’ ಅಂತ ಕೇಳುತ್ತೇವೆ. ಆಪರೇಷನ್ ಆಗಿ ಆರರಿಂದ ಒಂಬತ್ತು ತಿಂಗಳ ನಡುವೆ, ತೂಕ ಎಷ್ಟೇ ಚೆನ್ನಾಗಿ ಇಳಿಯುತ್ತಿದ್ದರೂ, ಈ ಪ್ರಶ್ನೆಗಳನ್ನು ಮತ್ತೆ ಕೇಳುತ್ತೇವೆ. ಅಡುಗೆ ಮಾಡಿ ಬಡಿಸುವವರು ಯಾರು ಅನ್ನುವುದನ್ನು ಈಗ ಮೊದಲ ಭೇಟಿಯಲ್ಲೇ ಬರೆದುಕೊಳ್ಳುತ್ತೇವೆ. ಗಂಡಸರು ಬಂದಾಗ ಇದೇ ಪ್ರಶ್ನೆಗೆ ಬೇರೆ ಕಥೆ ಸಿಗುತ್ತದೆ. ಅಲ್ಲಿ ಬಹುಪಾಲು ರಾತ್ರಿ ಅಂಗಡಿ ಮುಚ್ಚಿದ ಮೇಲಿನ ಡಾಬಾ ಊಟ ಮತ್ತು ಕುಡಿತ. ಈ ಆಪರೇಷನ್ ಆದವರಿಗೆ ಮದ್ಯ ಬೇಗ ಏರುತ್ತದೆ, ಅದು ಇನ್ನೊಂದೇ ಪ್ರಕರಣಕ್ಕಾಗುವ ವಿಷಯ.

ಗಿರಿಜಾ ಈಗ ತಾವೇ ಟಿರ್ಜೆಪಟೈಡ್ ಇಂಜೆಕ್ಷನ್ ಬಗ್ಗೆ ಕೇಳುತ್ತಿದ್ದಾರೆ. ತಿಂಗಳಿಗೆ ಹತ್ತು ಸಾವಿರದ ಮೇಲೆ ಖರ್ಚು, ನಿಲ್ಲಿಸಿದರೆ ಹಸಿವು ಮರಳುತ್ತದೆ. ಹಸಿವೇ ಇಲ್ಲದ ದಿನಗಳಲ್ಲಿ ಇವರು ಊಟ ಬಿಡುವವರು ಅನ್ನುವುದು ನನ್ನ ಅಳುಕು. ಸಕ್ಕರೆ ಅಂಶ ಏರಿದರೆ ಮಾತ್ರ ಶುರು ಮಾಡುವುದು, ಶುರು ಮಾಡಿದರೂ ಐದು ಹೊತ್ತಿನ ಚೀಟಿ ತಪ್ಪಿಸಬಾರದು ಅಂತ ಸದ್ಯದ ಒಪ್ಪಂದ. ಮುಂದಿನ ಎಚ್‌ಬಿಎ1ಸಿ ಬಂದ ಮೇಲೆ ವೈದ್ಯರು, ನಾವು, ಅವರು ಕೂತು ತೀರ್ಮಾನ ಮಾಡುತ್ತೇವೆ. ಅತ್ತೆಯೂ ಬರುತ್ತೇನೆ ಅಂದಿದ್ದಾರೆ.